ಎಡ ಅಂಗೈ, ಲೇಸರ್ ಮತ್ತು ನಮ್ಮತ್ತೆ

ನನ್ನ ಅಂಗೈ ನೋಡಿ ಭವಿಷ್ಯ ಹೇಳಲು ಯಾರಾದರೂ ಕೂತಿದ್ದರೆ ಪಾಪ, ಅವರು ಆವತ್ತೇ ಆ ಕಸುಬು ಬಿಡುತ್ತಿದ್ದರು. ಆಯುಷ್ಯರೇಖೆ ಯಾವುದು, ಬಿರುಕು ಯಾವುದು ಎಂದು ನನಗೇ ಗೊತ್ತಾಗುತ್ತಿರಲಿಲ್ಲ. ಎರಡೂ ಅಂಗೈ ಕೆಂಪಗೆ ದಪ್ಪಗಾಗಿ, ಮೇಲೆಲ್ಲ ಬೆಳ್ಳನೆ ಹೊಟ್ಟು ಏಳುತ್ತಿತ್ತು. ಚಳಿಗಾಲ ಬಂದರೆ ಸೀಳು ಬಿಟ್ಟು ರಕ್ತ ಜಿನುಗುತ್ತಿತ್ತು. ಅಕ್ಕಿರೊಟ್ಟಿ ತಟ್ಟುವ ಮಾತಿರಲಿ, ಬಾಗಿಲ ಚಿಲಕವನ್ನು ಮೊಣಕೈಯಲ್ಲಿ ತೆಗೆಯುವ ವಿದ್ಯೆ ಕಲಿತಿದ್ದೆ. ತರೀಕೆರೆಯ ಡಾಕ್ಟರು ಇದಕ್ಕೆ ಸೋರಿಯಾಸಿಸ್ ಎಂದು ಹೆಸರು ಹೇಳಿ, ಇದು ಅಂಟುರೋಗವಲ್ಲ, ಆದರೆ ಸುಲಭಕ್ಕೆ ಬಿಟ್ಟು ಹೋಗುವುದೂ ಅಲ್ಲ ಎಂದಿದ್ದರು. ಮುಲಾಮು ಕೊಟ್ಟರು, ಮಾತ್ರೆ ಕೊಟ್ಟರು. ಹಚ್ಚಿದಾಗ ಇಳಿಯುತ್ತಿತ್ತು, ಬಿಟ್ಟಾಗ ಏರುತ್ತಿತ್ತು.

ಅಜ್ಜಂಪುರದ ನಮ್ಮ ಬೀದಿಯಲ್ಲಿ ಕಾಯಿಲೆಗಿಂತ ವೈದ್ಯರು ಜಾಸ್ತಿ. ಒಬ್ಬರು ಬೇವಿನೆಣ್ಣೆ ಅಂದರೆ ಇನ್ನೊಬ್ಬರು ಹೊಂಗೆಎಣ್ಣೆ ಅನ್ನುತ್ತಿದ್ದರು. ಹೊಂಗೆಎಣ್ಣೆ ಹಚ್ಚಿದ ಮೊದಲ ರಾತ್ರಿಯೇ ನಮ್ಮ ಯಜಮಾನರು ಹಾಸಿಗೆ ಸುತ್ತಿಕೊಂಡು ನಡುಮನೆಗೆ ಹೋದರು. ಅಂತರಘಟ್ಟೆಯಲ್ಲೊಬ್ಬರು ಸೊಪ್ಪು ಅರೆದು ಕೊಡುತ್ತಾರೆಂದು ಕೇಳಿ ಅದನ್ನೂ ತಂದು ಕಟ್ಟಿದೆ. ಅದು ಕೈಯನ್ನು ಹಸಿರು ಮಾಡಿತು, ಅಷ್ಟೇ. ನಾನು ನಗುತ್ತಲೇ ಎಲ್ಲರ ಮಾತನ್ನೂ ಕೇಳುತ್ತಿದ್ದೆ. ಸಿಂಗಟಗೆರೆಯಲ್ಲಿ ಹುಟ್ಟಿದವಳು ನಾನು. ಅಲ್ಲಿ ಬಾವಿಗೆ ನೀರಿಲ್ಲದಿದ್ದರೂ ಬಾಯಿಗೆ ನಗು ಕಮ್ಮಿಯಿರಲಿಲ್ಲ.

ಆದರೆ ನಗುವುದಕ್ಕಾಗದ ಹೊತ್ತು ಒಂದಿತ್ತು, ಅದು ಬೆಳಗಿನ ಪೂಜೆ. ನಮ್ಮದು ಲಿಂಗ ಕಟ್ಟಿದ ಮನೆ. ಸ್ನಾನವಾದ ಮೇಲೆ ಕೊರಳಲ್ಲಿರುವ ಇಷ್ಟಲಿಂಗವನ್ನು ತೆಗೆದು ಎಡ ಅಂಗೈಯಲ್ಲಿಟ್ಟುಕೊಂಡು, ಬಲಗೈಯಿಂದ ನೀರೆರೆದು, ವಿಭೂತಿ ಹಚ್ಚಿ, ಹೂವಿಟ್ಟು ಪೂಜೆ ಮಾಡಬೇಕು. ಅದು ಮುಗಿಯುವವರೆಗೆ ಒಂದು ಲೋಟ ಕಾಫಿಯೂ ಗಂಟಲಿಗೆ ಇಳಿಯುವಂತಿಲ್ಲ. ಅಂಗೈಯೇ ಆ ಲಿಂಗದ ಗುಡಿ. ಅಲ್ಲಿಂದ ಅದನ್ನು ನೆಲಕ್ಕಾಗಲಿ ಮಣೆಗಾಗಲಿ ಇಳಿಸುವುದು ನಮ್ಮ ಮನೆಯಲ್ಲಿ ಇಲ್ಲ. ನನ್ನ ಗುಡಿಯಲ್ಲೋ ರಕ್ತ ಸೋರುತ್ತಿತ್ತು. ಹಾಗಾಗಿ ಬಿಳಿ ಬಟ್ಟೆಯ ಚೌಕವೊಂದನ್ನು ಅಂಗೈ ಮೇಲೆ ಹಾಸಿ, ಅದರ ಮೇಲೆ ಲಿಂಗ ಇಟ್ಟುಕೊಳ್ಳುತ್ತಿದ್ದೆ. ಎಷ್ಟೋ ವರ್ಷ ನನಗೂ ನನ್ನ ಲಿಂಗಕ್ಕೂ ನಡುವೆ ಆ ಬಟ್ಟೆ ಇತ್ತು. ರೊಟ್ಟಿ ತಟ್ಟದಿದ್ದರೆ ಹೋಯಿತು, ಕತ್ತೆ ಬಾಲ. ಒಂದು ದಿನವಾದರೂ ಬರಿಯ ಅಂಗೈಯಲ್ಲಿ ಲಿಂಗ ಹಿಡಿಯಬೇಕು ಎಂಬುದೊಂದೇ ನನ್ನ ಆಸೆಯಾಗಿತ್ತು. ಅದನ್ನು ನೆನೆದರೆ ಮಾತ್ರ ನನಗೆ ಅಳು ಬರುತ್ತಿತ್ತು.

ಇನ್ನು ನಮ್ಮತ್ತೆಯ ವಿಷಯ. ಬುಕ್ಕಾಂಬುಧಿಯವರು. ಆ ಊರಿನ ಕೆರೆ ಏರಿಯಷ್ಟೇ ಗಟ್ಟಿ. ನಿಯಮ ಅಂದರೆ ನಿಯಮ. ಒಬ್ಬರ ಲಿಂಗ ಇನ್ನೊಬ್ಬರು ಮುಟ್ಟುವಂತಿಲ್ಲ ಎಂಬುದಂತೂ ಅವರಿಗೆ ಉಸಿರಿನಷ್ಟು ಸಹಜ. ನನ್ನ ಮಗಳು ಹುಟ್ಟುವಾಗ ಆಸ್ಪತ್ರೆಯ ನರ್ಸಮ್ಮ ಕೊರಳಲ್ಲಿರುವುದನ್ನೆಲ್ಲ ಬಿಚ್ಚಿ ಎಂದಿದ್ದಳು. ಸರ ಬಿಚ್ಚಿಕೊಟ್ಟೆ. ಲಿಂಗದ ದಾರಕ್ಕೆ ಅವಳು ಕೈ ಹಾಕಿದ್ದೇ ತಡ, ನಮ್ಮತ್ತೆ ಅಡ್ಡ ಬಂದರು.

"ಕೊರಳು ಬ್ಯಾಡ ಅಂದ್ರೆ ರಟ್ಟೆಗೆ ಕಟ್ತೀವಿ. ಮೈಮೇಲಿಂದ ಇಳಿಯಂಗಿಲ್ಲ ಕಣಮ್ಮ."

ಕಟ್ಟಿದ್ದಾದರೂ ಹೇಗೆ? ನೋವಿನಲ್ಲಿ ಹೊರಳುತ್ತಿದ್ದ ನನ್ನ ಕೈಯಿಂದಲೇ ಲಿಂಗ ಹಿಡಿಸಿ, ತಾವು ದಾರವನ್ನು ಮಾತ್ರ ಗಂಟು ಹಾಕಿದರು. "ಸರಿಯಾಗಿ ಹಿಡ್ಕೊಳ್ಳೇ, ನನ್ ಬೆರಳು ತಾಗ್ತದೆ," ಎಂದು ಆ ಹೊತ್ತಿನಲ್ಲೂ ಗದರಿದ್ದರು. ಆವತ್ತು ಅವರ ಮೇಲೆ ನನಗೆ ಎಷ್ಟು ಸಿಟ್ಟು ಬಂದಿತ್ತೆಂದರೆ, ಹುಟ್ಟಿದ ಮಗು ಅವರ ಹಾಗೆಯೇ ಇರುವುದನ್ನು ನೋಡಿ ಮುಖ ತಿರುಗಿಸಿಕೊಂಡಿದ್ದೆ.

ಇಂಥ ಮನೆಗೆ ಕಡೂರಿನ ಲೇಸರ್ ಸುದ್ದಿ ತಂದವರು ನಮ್ಮ ಯಜಮಾನರು. ಕೊಬ್ಬರಿ ವ್ಯಾಪಾರಕ್ಕೆ ಹೋದಲ್ಲಿ ಯಾರೋ ಹೇಳಿದರಂತೆ. ಚರ್ಮದ ಡಾಕ್ಟರಮ್ಮ ಒಬ್ಬರು ವಾರಕ್ಕೆ ಎರಡು ದಿನ ಅಲ್ಲಿ ಕೂರುತ್ತಾರೆ, ಮಿಷನ್ ಇಟ್ಟಿದ್ದಾರೆ ಎಂದು. ಲೇಸರ್ ಅಂದ ಕೂಡಲೇ ನನ್ನ ಕೈ ತಾನಾಗಿ ಸೆರಗಿನೊಳಗೆ ಹೋಯಿತು. ಚಾಕುವಿನ ಹಾಗೆ ಕೊಯ್ಯುವುದೇನೋ ಅಂದುಕೊಂಡಿದ್ದೆ. ಒಬ್ಬಳೇ ಹೋಗಲು ಧೈರ್ಯ ಸಾಲದೆ ಅತ್ತೆಯನ್ನು ಕರೆದೆ. ಅವರಿಗೂ ಒಳಗೊಳಗೇ ಕುತೂಹಲ. "ನಿನ್ನೊಬ್ಳನ್ನೇ ಕಳ್ಸಿದ್ರೆ ಏನೇನಕ್ಕೋ ತಲೆ ಆಡಿಸ್ಕೊಂಡು ಬತ್ತೀಯ," ಎಂದು ಹೊಸ ಸೀರೆ ಉಟ್ಟು ಹೊರಟರು.

ಡಾಕ್ಟರಮ್ಮ ನನ್ನ ಮಗಳ ವಯಸ್ಸಿನವರು. ನನ್ನ ಕೈಯನ್ನು ಕೈಯಲ್ಲಿ ಹಿಡಿದು ನೋಡಿದರು. ಹೊರಗಿನವರು ಯಾರೂ ಹಾಗೆ ಹಿಡಿದು ಬಹಳ ಕಾಲವಾಗಿತ್ತು. ನನಗೆ ಅಲ್ಲಿಯೇ ಅರ್ಧ ವಾಸಿಯಾದ ಹಾಗಾಯಿತು. "ಅಮ್ಮಾ, ಇದು ಕೊಯ್ಯೋ ಲೇಸರ್ ಅಲ್ಲ," ಎಂದು ಬಿಡಿಸಿ ಹೇಳಿದರು. ನನ್ನ ಚರ್ಮ ಆತುರಗೆಟ್ಟು ಬೇಕಾದ್ದಕ್ಕಿಂತ ಬೇಗ ಬೇಗ ಬೆಳೆಯುತ್ತಿದೆಯಂತೆ. ಬಿಸಿಲಿನಲ್ಲಿರುವ ಹಲವು ಬಗೆಯ ಕಿರಣಗಳಲ್ಲಿ ಒಂದು ಬಗೆಯದನ್ನು ಮಾತ್ರ ಆ ಮಿಷನ್ ಕೊಡುತ್ತದೆ, ರೋಗ ಇರುವ ಜಾಗದ ಮೇಲಷ್ಟೇ ಬೀಳುತ್ತದೆ, ಅದರಿಂದ ಆ ಆತುರ ಇಳಿಯುತ್ತದೆ ಎಂದರು.

ನಮ್ಮತ್ತೆ ಸುಮ್ಮನಿರುತ್ತಾರೆಯೇ? "ಬಿಸ್ಲೇ ಆದ್ರೆ ನಮ್ಮ ತಾರಸಿ ಮ್ಯಾಲೆ ಬೇಕಾದಷ್ಟು ಐತಲ್ಲ ತಾಯಿ, ಕಡೂರ್ಗಂಟ ಯಾಕ್ ಬರ್ಬೇಕು?"

"ಅಜ್ಜಿ, ತಾರಸಿ ಬಿಸಿಲಲ್ಲಿ ಹಪ್ಪಳ ಒಣಗ್ತದೆ. ಸೊಸೆ ಕೈ ವಾಸಿಯಾಗಲ್ಲ," ಅಂದರು ಡಾಕ್ಟರಮ್ಮ. ಅತ್ತೆಯ ಬಾಯಿ ಮುಚ್ಚಿಸಿದವರನ್ನು ನಾನು ನೋಡಿದ್ದು ಅದೇ ಮೊದಲು. ಈ ಹುಡುಗಿಯ ಕೈಯಲ್ಲಿ ನನ್ನ ಕೈ ಕ್ಷೇಮ ಎಂದು ಆಗಲೇ ತೀರ್ಮಾನಿಸಿದೆ.

ಮಿಷನ್ ಕೋಣೆಯಲ್ಲಿರುವವರೆಲ್ಲ ಕಪ್ಪು ಕನ್ನಡಕ ಹಾಕಬೇಕು. ಅತ್ತೆ ಹೊರಗೆ ಕೂರುವುದಿಲ್ಲ ಎಂದು ಹಟ ಹಿಡಿದಿದ್ದರಿಂದ ಅವರಿಗೂ ಒಂದು ಸಿಕ್ಕಿತು. ಹಣೆಯ ಮೇಲೆ ಮೂರು ಎಳೆ ವಿಭೂತಿ, ಅದರ ಕೆಳಗೆ ದೊಡ್ಡ ಕಪ್ಪು ಕನ್ನಡಕ, ತಲೆ ಮೇಲೆ ಸೆರಗು. ನಾನು ನಗು ತಡೆಯಲಾರದೆ ಕೈ ಅಲ್ಲಾಡಿಸಿಬಿಟ್ಟೆ. "ಅಲ್ಲಾಡ್ಬೇಡಿ ಅಮ್ಮಾ," ಎಂದು ಡಾಕ್ಟರಮ್ಮ ಗದರಿದರು. ಕೈಯಲ್ಲಿ ಹಿಡಿದ ಮಿಷನ್ನಿನ ಮೂತಿಯನ್ನು ಅಂಗೈಗೆ ಒತ್ತುವರು, ಟಕ್ ಅನ್ನುವುದು, ಸ್ವಲ್ಪ ಬೆಚ್ಚಗಾಗುವುದು, ಪಕ್ಕದ ಜಾಗಕ್ಕೆ ಸರಿಸುವರು. ಅಷ್ಟೇ. ಇಷ್ಟಕ್ಕಾಗಿ ಹಿಂದಿನ ರಾತ್ರಿಯೆಲ್ಲ ನಿದ್ದೆಗೆಟ್ಟಿದ್ದೆನಲ್ಲ ಎಂದು ನನಗೇ ನಾಚಿಕೆಯಾಯಿತು. ಅತ್ತೆಗೆ ಮಾತ್ರ ಬೇಸರ. "ಕಿಡಿಯೂ ಹಾರ್ಲಿಲ್ಲ, ಹೊಗೆಯೂ ಬರ್ಲಿಲ್ಲ. ಇದೆಂಥ ಮಿಷನ್ನೇ?" ಎಂದು ಬಸ್ಸಿನಲ್ಲಿ ಬೀರೂರು ದಾಟುವವರೆಗೆ ಗೊಣಗಿದರು.

ಹೀಗೆ ವಾರಕ್ಕೆರಡು ಸಲ ನಮ್ಮ ಸವಾರಿ ಕಡೂರಿಗೆ ಹೊರಡತೊಡಗಿತು. ಮನೆಯಲ್ಲಿ ಅತ್ತೆ ಸೊಸೆ, ಬಸ್ಸಿನಲ್ಲಿ ಗೆಳತಿಯರು. ಕಿಟಕಿ ಸೀಟಿಗಾಗಿ ಮಾತ್ರ ಜಗಳವಾಡುತ್ತಿದ್ದೆವು. ಕೆಲವು ವಾರ ಕಳೆಯುವಷ್ಟರಲ್ಲಿ ಬಲ ಅಂಗೈಯ ಹೊಟ್ಟು ಇಳಿಯಿತು, ಸೀಳು ಕೂಡಿತು, ಕೆಂಪು ಮಾಸಿತು. ಒಂದು ದಿನ ಬಲಗೈಯಲ್ಲಿ ಚಿಲಕ ತೆಗೆದು ಯಜಮಾನರನ್ನು ಕರೆದು ತೋರಿಸಿದೆ. ಅವರು ಚಿಲಕವನ್ನೇ ನೋಡಿ, "ಎಣ್ಣೆ ಬಿಡ್ಬೇಕೇನೇ?" ಅಂದರು.

ಆದರೆ ಎಡ ಅಂಗೈ ಜಗ್ಗಲಿಲ್ಲ. ಅದೇ ಡಾಕ್ಟರು, ಅದೇ ಮಿಷನ್, ಅದೇ ಮುಲಾಮು. ಬಲ ಇಳಿದಷ್ಟೂ ಎಡ ಏರಿತು. ನನಗೆ ಬೇಕಾಗಿದ್ದದ್ದೇ ಎಡ ಅಂಗೈ! ದೇವರು ವರ ಕೊಟ್ಟ, ಪಕ್ಕದ ಮನೆಗೆ ಕೊಟ್ಟ ಅನ್ನುವ ಹಾಗಾಯಿತು. ಡಾಕ್ಟರಮ್ಮನೂ ಎರಡು ಅಂಗೈಗಳನ್ನು ಅಕ್ಕಪಕ್ಕ ಇಟ್ಟು ನೋಡಿ ಹುಬ್ಬು ಗಂಟಿಕ್ಕುತ್ತಿದ್ದರು.

"ಅಮ್ಮಾ, ನೀವು ಎಡಚರಾ?"

"ಅಲ್ಲ ಕಣಮ್ಮ. ಪಾತ್ರೆ ಉಜ್ಜೋದು, ತರಕಾರಿ ಹೆಚ್ಚೋದು ಎಲ್ಲಾ ಬಲಗೈಲೇ."

"ಹಂಗಾದ್ರೆ ಬಲಗೈ ಕೆಡಬೇಕು. ಎಡಗೈ ಯಾಕೆ ಹಿಂಗೆ? ನಾನು ಕೊಟ್ಟಿದ್ದು ಬಿಟ್ಟು ಬೇರೆ ಏನಾದ್ರೂ ಹಚ್ತಿದೀರಾ?"

"ಇಲ್ಲ," ಎಂದೆ. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಎಣ್ಣೆ ಬಿಟ್ಟಿದ್ದೆ, ಸೊಪ್ಪು ಬಿಟ್ಟಿದ್ದೆ. ಇನ್ನೇನು ಉಳಿದಿತ್ತು?

ಅದಾದ ಮೇಲಿನ ಸಲ ಡಾಕ್ಟರಮ್ಮ ದೀಪ ಹತ್ತಿರ ಎಳೆದು, ಭೂತಗನ್ನಡಿ ಹಿಡಿದು ನನ್ನ ಎಡ ಅಂಗೈ ಮೇಲೆ ಬಗ್ಗಿದರು. ತೊಳೆದು ಒರೆಸಿದ್ದ ಕೈ. ಆದರೂ ಸೀಳುಗಳ ಒಳಗೆ ಬೆಳ್ಳಗೆ ಏನೋ ಕೂತಿತ್ತು. "ಇದು ಹೊಟ್ಟಲ್ಲ. ಪುಡಿ. ಏನಮ್ಮ ಇದು?"

ನಾನು ಯೋಚಿಸುವ ಮೊದಲೇ ಅತ್ತೆ ಉತ್ತರ ಕೊಟ್ಟರು. "ಇಬೂತಿ ಕಣಮ್ಮ. ಇನ್ನೇನು!"

ವಿಭೂತಿಯನ್ನು ಹೇಗೆ ಹಚ್ಚುತ್ತೀರಿ ಎಂದು ಡಾಕ್ಟರಮ್ಮ ಕೇಳಿದ್ದೇ ತಪ್ಪಾಯಿತು. ಇಂಥ ಪ್ರಶ್ನೆಗಾಗಿಯೇ ಕಾದಿದ್ದವರ ಹಾಗೆ ಅತ್ತೆ ಸೊಂಟದ ಸಂಚಿಯಿಂದ ವಿಭೂತಿ ಗಟ್ಟಿ ತೆಗೆದರು, ನನ್ನ ಎಡ ಅಂಗೈ ಎಳೆದುಕೊಂಡರು, ಮೇಜಿನ ಮೇಲಿದ್ದ ಬಾಟಲಿಯಿಂದ ನಾಲ್ಕು ಹನಿ ನೀರು ಬಿಟ್ಟರು, ಸಾಣೆಕಲ್ಲಿನ ಮೇಲೆ ಗಂಧ ತೇಯುವ ಹಾಗೆ ಗರಗರ ಉಜ್ಜತೊಡಗಿದರು. "ಹಿಂಗೆ ಅಂಗೈಲಿ ತೇಯ್ಬೇಕು, ಗಟ್ಟಿ ಕಲಸ್ಬೇಕು, ಆಮೇಲೆ ಮೂರು ಬೆರಳಲ್ಲಿ ತಗಂಡು ಹಣೆಗೆ, ತೋಳಿಗೆ, ಎದೆಗೆ..."

"ಅಜ್ಜೀ! ನಿಲ್ಸಿ, ನಿಲ್ಸಿ!" ಡಾಕ್ಟರಮ್ಮ ಕುರ್ಚಿಯಿಂದ ಎದ್ದೇಬಿಟ್ಟರು.

ಆಗ ನನಗೆ ಹೊಳೆಯಿತು. ದಿನಾ ಬೆಳಗ್ಗೆ ಅದೇ ಕೆಲಸ. ಅದೂ ಸೀಳು ಬಿಟ್ಟ ಮೇಲೆ, ವಿಭೂತಿಯೇ ಮದ್ದು ಎಂದು ನಂಬಿ, ಮಿಕ್ಕವರಿಗಿಂತ ಎರಡು ಸುತ್ತು ಜಾಸ್ತಿ ಉಜ್ಜುತ್ತಿದ್ದೆ. ಉರಿಯುತ್ತಿತ್ತು. ಉರಿದಷ್ಟೂ ಕೆಲಸ ಮಾಡುತ್ತಿದೆ ಅಂದುಕೊಳ್ಳುತ್ತಿದ್ದೆ. "ಇನ್ನೊಂದಿಷ್ಟು ತೇಯಿ, ಶಿವನ ಪ್ರಸಾದ, ವಾಸಿಯಾಗ್ತದೆ," ಎಂದು ಅತ್ತೆಯೂ ಹುರಿದುಂಬಿಸುತ್ತಿದ್ದರು. ಅದನ್ನು ಮುಲಾಮಿನ ಜೊತೆ ಎಣಿಸಬೇಕೆಂದು ನಮ್ಮಿಬ್ಬರಿಗೂ ತೋಚಿರಲಿಲ್ಲ. ನಾವು ದಿನಾ ಉಸಿರಾಡುತ್ತೇವೆಂದು ಯಾರಾದರೂ ಡಾಕ್ಟರಿಗೆ ಹೇಳುತ್ತಾರೆಯೇ?

ಡಾಕ್ಟರಮ್ಮ ನಗುತ್ತಲೇ ಆದರೆ ಖಡಕ್ಕಾಗಿ ಹೇಳಿದರು. ಈ ಕಾಯಿಲೆಯವರಿಗೆ ಎಲ್ಲಿ ಚರ್ಮ ತರಚುತ್ತದೋ, ತಿಕ್ಕಾಡುತ್ತದೋ ಅಲ್ಲೇ ರೋಗ ಮತ್ತೆ ಏಳುತ್ತದೆ. ಮೇಲಾಗಿ ಬೂದಿ ಸೀಳಿನಲ್ಲಿ ಕೂತರೆ ಕಿರಣ ಚರ್ಮಕ್ಕೆ ಸರಿಯಾಗಿ ತಲುಪುವುದಿಲ್ಲ. ಎಡ ಅಂಗೈ ವಾಸಿಯಾಗುವವರೆಗೆ ಅದರ ಮೇಲೆ ವಿಭೂತಿ ಬೇಡ, ನೀರೆರೆಯುವುದು ಬೇಡ, ಬಟ್ಟೆ ಹಾಸಿ ಏನನ್ನಾದರೂ ಇಡುವುದೂ ಬೇಡ. "ಪೂಜೆ ಬೇಡ ಅಂತಿಲ್ಲ ಅಮ್ಮಾ. ಆ ಅಂಗೈಗೆ ರಜ ಕೊಡಿ ಅಂತಿದೀನಿ."

ಆವತ್ತು ಬಸ್ಸಿನಲ್ಲಿ ಅತ್ತೆ ಕಿಟಕಿ ಸೀಟನ್ನು ನನಗೇ ಬಿಟ್ಟರು. ಅದು ಒಳ್ಳೆಯ ಲಕ್ಷಣವಲ್ಲ. ಬರಿ ಅಂಗೈಯಲ್ಲಿ ಲಿಂಗ ಹಿಡಿಯಬೇಕೆಂದು ಹೊರಟವಳಿಗೆ ಬಟ್ಟೆಯ ಮೇಲೂ ಹಿಡಿಯಬೇಡ ಅಂದರೆ ಹೇಗಿರಬೇಡ? ಕಡೂರಿಗೆ ಹೋಗದಿದ್ದರೇ ಚೆನ್ನಾಗಿತ್ತು ಅನ್ನಿಸಿತು. ರೋಗ ಇದ್ದರೂ ಪೂಜೆಯಾದರೂ ಇತ್ತು. ನಾನು ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡೆ.

ಮರುದಿನ ಬೆಳಗ್ಗೆ ಸ್ನಾನ ಮಾಡಿ ದೇವರಮನೆಗೆ ಹೋಗಿ ಕೂತೆ. ಅತ್ತೆ ಆಗಲೇ ತಮ್ಮ ಪೂಜೆಗೆ ಕೂತಿದ್ದರು. ನಾನು ಲಿಂಗವನ್ನು ಕೊರಳಿಂದ ತೆಗೆಯಲೂ ಇಲ್ಲ, ಏಳಲೂ ಇಲ್ಲ. ಅಡುಗೆಮನೆಯಲ್ಲಿ ಯಜಮಾನರು ಕಾಫಿ ಕಾಯಿಸುತ್ತಿದ್ದ ವಾಸನೆ ಬರುತ್ತಿತ್ತು. ಪೂಜೆಯಿಲ್ಲ ಅಂದರೆ ಕಾಫಿಯೂ ಇಲ್ಲ. ವಾಸಿಯಾಗುವವರೆಗೆ ಅಂದರೆ ಎಷ್ಟು ದಿನವೋ, ಅಷ್ಟು ದಿನ ಕಾಫಿಯಿಲ್ಲದೆ ಬದುಕಿದ ಹೆಂಗಸು ನಮ್ಮ ತಾಲ್ಲೂಕಿನಲ್ಲೇ ಇರಲಾರಳು. ಅಂಥ ದುಃಖದಲ್ಲೂ ಈ ಯೋಚನೆ ಬಂದದ್ದಕ್ಕೆ ನನಗೇ ನಗು ಬಂತು.

ಅತ್ತೆ ಪೂಜೆ ಮುಗಿಸಿ, ತಮ್ಮ ಲಿಂಗವನ್ನು ಕರಡಿಗೆಯೊಳಗಿಟ್ಟು ಕೊರಳಿಗೆ ಹಾಕಿಕೊಂಡರು. ಎದ್ದು ಹೋಗುತ್ತಾರೆ ಅಂದುಕೊಂಡೆ. ಅವರು ಮಣೆಯನ್ನು ತಿರುಗಿಸಿ ನನ್ನೆದುರಿಗೆ ಹಾಕಿಕೊಂಡು ಕೂತರು. ಎಡಗೈ ಚಾಚಿದರು. ನನಗೆ ಅರ್ಥವಾಗಲಿಲ್ಲ. ಹೂವು ಕೇಳುತ್ತಿದ್ದಾರೆಂದು ತಟ್ಟೆ ಸರಿಸಿದೆ.

"ಹೂವಲ್ಲ ಕಣೇ. ನಿನ್ ಲಿಂಗ ಇಡು."

"ಎಲ್ಲಿ?"

"ಕೈ ಚಾಚಿರೋದು ಕಾಣಲ್ವಾ? ನನ್ ಅಂಗೈ ಮ್ಯಾಲೆ ಇಡು. ನೀನು ಪೂಜೆ ಮಾಡು."

ನಾನು ಅವರ ಮುಖವನ್ನೇ ನೋಡಿದೆ. ನನ್ನ ಹೆರಿಗೆ ನೋವಿನಲ್ಲೂ ಬೆರಳು ತಾಗಿಸದಿದ್ದವರು ಇವರೇ ಏನು ಎಂದು. "ಅತ್ತೆ, ಹಂಗೆ ಮಾಡ್ಬೋದಾ? ಮಠದಾಗೆ ಸ್ವಾಮ್ಗಳನ್ನ ಒಂದ್ಮಾತು ಕೇಳ್ಬೇಕಲ್ವಾ?"

"ಕೇಳಿದ್ರೆ ಬ್ಯಾಡ ಅಂತಾರೆ. ಅದ್ಕೇ ಕೇಳ್ಬಾರ್ದು," ಅಂದರು ಅತ್ತೆ. ಆಮೇಲೆ ತಗ್ಗಿದ ದನಿಯಲ್ಲಿ, "ಇನ್ನೊಂದಿಷ್ಟು ತೇಯಿ ತೇಯಿ ಅಂದೋಳು ನಾನೇ ಅಲ್ವಾ," ಎಂದರು.

ಇಟ್ಟೆ. ವಿಭೂತಿಯನ್ನು ಅವರೇ ಇನ್ನೊಂದು ಕೈಯಿಂದ ಬಟ್ಟಲಲ್ಲಿ ತೇಯ್ದು ನನ್ನ ಹಣೆಗೆ ಎಳೆದರು. ಬಲಗೈಯಿಂದ ನಾನು ನೀರೆರೆದೆ, ಹೂವಿಟ್ಟೆ. ಇಷ್ಟು ವರ್ಷ ಇಬ್ಬರೂ ಗೋಡೆಗೆ ಮುಖ ಮಾಡಿ ಅಕ್ಕಪಕ್ಕ ಕೂತು ಪೂಜೆ ಮಾಡಿದ್ದೆವು. ಎದುರುಬದುರು ಕೂತದ್ದು ಅದೇ ಮೊದಲು. ಆಗಲೇ ಅವರ ಅಂಗೈಯನ್ನು ನಾನು ಸರಿಯಾಗಿ ನೋಡಿದ್ದು. ಹೋಳಿಗೆ ಹಂಚು ಸುಟ್ಟ ಕಲೆ, ಒನಕೆ ಹಿಡಿದು ಗಟ್ಟಿಯಾದ ತೊಗಲು. ಬೆರಳ ಬುಡವೆಲ್ಲ ಜಡ್ಡುಗಟ್ಟಿತ್ತು. ಈ ಹೆಂಗಸು ನನಗೆ ಎಷ್ಟು ಬೇಕಾದವರು ಎಂದು ಆ ಹೊತ್ತು ತಿಳಿಯಿತು. ಹೇಳಲಿಲ್ಲ. ಹೇಳಿದ್ದರೆ ಬೈಯುತ್ತಿದ್ದರು.

ಅಂದಿನಿಂದ ಅದೇ ನಮ್ಮ ಪದ್ಧತಿಯಾಯಿತು. ಯಜಮಾನರು ಬಾಗಿಲಲ್ಲಿ ಇಣುಕಿ, "ಇದ್ಯಾವ ಸಂಪ್ರದಾಯ ಅವ್ವಾ?" ಅಂದದ್ದಕ್ಕೆ, "ನಿನ್ ಕೊಬ್ರಿ ನೀನು ನೋಡ್ಕಳಪ್ಪ," ಎಂಬ ಉತ್ತರ ಸಿಕ್ಕಿತು. ಪೂಜೆಯ ನಡುವೆಯೇ ನಾವು ಜಗಳವಾಡುತ್ತಿದ್ದೆವು.

"ಕೈ ಅಲ್ಲಾಡಿಸ್ಬೇಡಿ ಅತ್ತೆ, ನೀರು ಚೆಲ್ತದೆ."

"ವಯಸ್ಸಾಯ್ತು, ಅಲ್ಲಾಡ್ತದೆ. ನೀನು ಬೇಗ್ ಬೇಗ ಮುಗ್ಸು. ಶಿವಂಗೂ ಬ್ಯಾರೆ ಕೆಲ್ಸ ಇರ್ತದೆ."

ನಾನು ಬೇಕೆಂದೇ ನಿಧಾನ ಮಾಡುತ್ತಿದ್ದೆ. ಅವರು ಬೈಯುತ್ತಲೇ ಕೈ ಹಿಡಿದುಕೊಂಡಿರುತ್ತಿದ್ದರು.

ವಿಭೂತಿ ಬಿಟ್ಟ ಮೇಲೆ ಎಡ ಅಂಗೈ ದಾರಿಗೆ ಬಂತು. ಲೇಸರ್ ಟಕ್ ಟಕ್ ಎಂದು ತನ್ನ ಕೆಲಸ ಮಾಡಿತು. ಮೊದಲು ಅಂಚಿನ ಹೊಟ್ಟು ಹೋಯಿತು, ಆಮೇಲೆ ನಡುವಿನ ಸೀಳು ಮುಚ್ಚಿತು. ಬೇಸಿಗೆ ಮುಗಿಯುವ ಹೊತ್ತಿಗೆ ಒಂದು ದಿನ ಡಾಕ್ಟರಮ್ಮ ಹೆಬ್ಬೆರಳಿನಿಂದ ನನ್ನ ಅಂಗೈ ಸವರಿ, "ನೋಡಿ, ರೇಖೆಗಳು ಕಾಣ್ತಿವೆ," ಎಂದು ನಕ್ಕರು. ಇದು ಮತ್ತೆ ಬರಬಹುದು, ಬಂದರೆ ಹೆದರದೆ ಬನ್ನಿ, ವಿಭೂತಿಯನ್ನು ಇನ್ನು ಮುಂದೆಯೂ ಬಟ್ಟಲಲ್ಲೇ ತೇಯಿರಿ ಎಂದರು. "ಲಿಂಗ ಇಟ್ಕೋಬೋದಾ?" ಎಂದು ಕೇಳಿದೆ. "ಧಾರಾಳವಾಗಿ," ಎಂದರು. ಅತ್ತೆ ತಮ್ಮ ಕಪ್ಪು ಕನ್ನಡಕ ತೆಗೆದು, ಸೆರಗಿನಲ್ಲಿ ಒರೆಸಿ ಮೇಜಿನ ಮೇಲಿಟ್ಟರು.

ಮರುದಿನ ಬೆಳಗ್ಗೆ ದೇವರಮನೆಯಲ್ಲಿ ನಾನು ಲಿಂಗವನ್ನು ತೆಗೆದು ನನ್ನ ಎಡ ಅಂಗೈಯಲ್ಲಿಟ್ಟೆ. ಬಟ್ಟೆಯಿಲ್ಲ, ಏನೂ ಇಲ್ಲ. ಅದು ತಣ್ಣಗಿತ್ತು. ಲಿಂಗ ತಣ್ಣಗಿರುತ್ತದೆ ಎಂಬುದೇ ನನಗೆ ಮರೆತುಹೋಗಿತ್ತು. ಕಣ್ಣೀರು ಕೆನ್ನೆ ಮೇಲೆ ಇಳಿಯುತ್ತಿದ್ದರೂ ಒರೆಸಿಕೊಳ್ಳಬೇಕು ಅನ್ನಿಸಲಿಲ್ಲ. ಸಂತೋಷಕ್ಕೆ ಇಷ್ಟು ಅಳು ಬರುತ್ತದೆಂದು ಯಾರೂ ಹೇಳಿರಲಿಲ್ಲ.

ತಲೆಯೆತ್ತಿ ನೋಡಿದರೆ ಎದುರಿಗೆ ಅತ್ತೆ. ರೂಢಿಯಂತೆ ಮಣೆ ತಿರುಗಿಸಿ ಕೂತು ಕೈ ಚಾಚಿದ್ದರು. ನನ್ನ ಅಂಗೈ ನೋಡಿದರು, ತಮ್ಮ ಖಾಲಿ ಅಂಗೈ ನೋಡಿಕೊಂಡರು. "ಓ, ಇನ್ ಮ್ಯಾಲೆ ನಂದು ಬ್ಯಾಡ್ವಲ್ಲ," ಎಂದು ಕೈಯನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಳ್ಳತೊಡಗಿದರು. ಆ ದನಿಯಲ್ಲಿ ನಗುವಿತ್ತು, ಆದರೆ ಮುಖದಲ್ಲಿರಲಿಲ್ಲ.

ನಾನು ಬಲಗೈಯಿಂದ ಅವರ ಮಣಿಕಟ್ಟು ಹಿಡಿದು ನಿಲ್ಲಿಸಿದೆ. ಅವರ ಅಂಗೈ ಮೇಲೆ ನನ್ನ ಎಡಗೈಯನ್ನು ಲಿಂಗದ ಸಮೇತ ಇಟ್ಟು ನೀರೆರೆದೆ.

"ಭಾರ ಕಣೇ ನಿನ್ ಕೈ," ಅಂದರು ಅತ್ತೆ. ಆದರೆ ಪೂಜೆ ಮುಗಿಯುವವರೆಗೂ ಕೈ ತೆಗೆಯಲಿಲ್ಲ.